ಮೀನು ಎಣಿಸುವ ವಿದ್ಯೆಗೆ ಯಾವ ಧರ್ಮ?

ಕಂದಿಕೆರೆ, ಹುಳಿಯಾರು ಕಡೆ ಕೆರೆ ಕೋಡಿ ಬಿದ್ದರೆ ಊರವರು ಗಂಗಾಪೂಜೆ ಮಾಡಿ ಬಾಗಿನ ಬಿಡುತ್ತಾರೆ. ಅದೇ ನೀರಿಗೆ ಕಾಟ್ಲಾ, ರೋಹು, ಗೆಂಡೆ ಮರಿಗಳನ್ನೂ ಬಿಡುತ್ತಾರೆ. ಮರಿ ಬಲಿತ ಮೇಲೆ ಬಲೆ ಇಳಿಯುತ್ತದೆ. ಮೀನು-ಮಾಂಸ ಮುಟ್ಟದ ಮನೆಗಳು ಬಹಳವಿರುವ ಈ ತೆಂಗಿನ ಸೀಮೆಯಿಂದ ಮಗಳೊಬ್ಬಳು ಮೀನುಗಾರಿಕಾ ವಿಜ್ಞಾನ ಓದಲು ಹೊರಟರೆ, ಹಿರಿಯರ ಬಾಯಲ್ಲಿ ಒಂದು ಪ್ರಶ್ನೆ ಬರುವುದು ಸಹಜ. ಕೊಲ್ಲುವುದಕ್ಕೆ ನೆರವಾಗುವ ವಿದ್ಯೆಗೆ ಬಹುಮಾನ ಕೊಡುವುದು ಸರಿಯೇ?

ಬಹುಮಾನಗಳಂತೂ ಇವೆ. 1870ರಲ್ಲಿ ಹುಟ್ಟಿದ ಅಮೆರಿಕನ್ ಫಿಶರೀಸ್ ಸೊಸೈಟಿಯಲ್ಲಿ ಕಂಪ್ಯೂಟರ್ ಮತ್ತು ಮಾಹಿತಿ ತಂತ್ರಜ್ಞಾನಕ್ಕೆಂದೇ ಒಂದು ವಿಭಾಗವಿದ್ದು, ವಿದ್ಯಾರ್ಥಿಗಳ ಸಂಶೋಧನೆಯನ್ನು ಗೌರವಿಸುತ್ತದೆ. ನಮ್ಮಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಡಾಕ್ಟರೇಟ್ ಪ್ರಬಂಧಗಳಿಗೆ ಕೊಡುತ್ತ ಬಂದ ಜವಾಹರಲಾಲ್ ನೆಹರೂ ಪ್ರಶಸ್ತಿ ಮೀನುಗಾರಿಕಾ ವಿಜ್ಞಾನಕ್ಕೂ ಸಂದಿದೆ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದದ್ದು ಮಂಗಳೂರಿನಲ್ಲೇ.

ಈ ವಿದ್ಯೆ ಮಾಡುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ದೋಣಿಗಳು ನಿಲ್ಲುವ ಧಕ್ಕೆಗೆ ಬಂದ ಬೂತಾಯಿ ಮೀನಿನ ರಾಶಿಯಿಂದ ಒಂದಿಷ್ಟನ್ನು ಆರಿಸಿ, ಒಂದೊಂದನ್ನೇ ಅಳತೆಯ ಹಲಗೆಯ ಮೇಲಿಟ್ಟು, ಮೂತಿಯಿಂದ ಬಾಲದ ತುದಿಯವರೆಗಿನ ಉದ್ದ ಬರೆದುಕೊಳ್ಳುತ್ತಾರೆ. ತಿಂಗಳು ತಿಂಗಳೂ ಹೀಗೆ ಕೂಡಿಸಿದ ಉದ್ದಗಳಿಂದ ಆ ಜಾತಿ ಎಷ್ಟು ಬೇಗ ಬೆಳೆಯುತ್ತದೆ, ಎಷ್ಟು ಸಾಯುತ್ತದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಡೇನಿಯಲ್ ಪಾಲಿ ಮತ್ತು ಸಂಗಡಿಗರು 1980ರ ಸುಮಾರಿಗೆ ರೂಪಿಸಿದ ‘ಎಲಿಫಾನ್’ ವಿಧಾನ ಇಂಥದ್ದೇ. ದುಬಾರಿ ಹಡಗು, ಉಪಕರಣಗಳಿಲ್ಲದ ಉಷ್ಣವಲಯದ ದೇಶಗಳಿಗೂ ಅದು ಕೈಗೆಟುಕಿತು. ಹೆಚ್ಚು ಹಿಡಿದರೆ ಸಂತತಿ ಎಲ್ಲಿ ಕುಸಿಯುತ್ತದೆ ಎಂಬ ಗಡಿಯನ್ನು ಅಂದಾಜು ಮಾಡಲು ಇಂಥ ಲೆಕ್ಕವೇ ಆಧಾರ.

ಇನ್ನೊಂದು ಮುಖವೂ ಇದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದಿಂದ ಸಮುದ್ರದ ಮೇಲ್ಮೈಯ ಉಷ್ಣತೆ, ಹಸಿರು ಪಾಚಿಕಣಗಳ ಪ್ರಮಾಣ ನೋಡಿ, ಮೀನು ಸೇರುವ ಸಾಧ್ಯತೆ ಹೆಚ್ಚಿರುವ ಜಾಗದ ದಿಕ್ಕು, ದೂರ, ಆಳವನ್ನು ದೋಣಿಯವರಿಗೆ ತಿಳಿಸುತ್ತದೆ. ಹುಡುಕಾಟದ ಡೀಸೆಲ್ ಉಳಿಯುತ್ತದೆ. ಮೀನಿಗೆ ಮಾತ್ರ ಅಡಗುವ ಜಾಗ ಕಡಿಮೆಯಾಗುತ್ತದೆ.

ಮಹಾಭಾರತದ ವನಪರ್ವದಲ್ಲಿ ಮಿಥಿಲೆಯ ಮಾಂಸದಂಗಡಿಯ ಧರ್ಮವ್ಯಾಧ ಕೌಶಿಕನಿಗೆ ಹೇಳಿದ್ದು ಇಲ್ಲಿಗೆ ಹೊಂದುತ್ತದೆ. ನೇಗಿಲು ಹೂಡಿದರೂ ಜೀವ ಸಾಯುತ್ತದೆ, ಪೂರ್ತಿ ಅಹಿಂಸಕ ಯಾರೂ ಇಲ್ಲ. ಯತ್ನ ಮಾಡಿದರೆ ಹಿಂಸೆ ಕಡಿಮೆಯಾದೀತು ಎನ್ನುತ್ತಾನೆ ಅವನು. ಜೈನರೂ ಗೃಹಸ್ಥನ ಹಿಂಸೆಯನ್ನು ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಬೇಕೆಂದೇ ಮಾಡುವ ಸಂಕಲ್ಪಹಿಂಸೆಯನ್ನು ಬದುಕಿನ ದುಡಿಮೆಯಲ್ಲಿ ಆಗುವ ಹಿಂಸೆಯಿಂದ ಬೇರೆ ಮಾಡಿದರು. ಹಾಗಿದ್ದರೆ ಹಿಂಸೆ ಕಡಿಮೆಯಾಯಿತು ಎಂದು ತಿಳಿಯುವುದು ಹೇಗೆ? ಕಣ್ಣಿಗೆ ಕಾಣದ ನೀರೊಳಗೆ ಅದಕ್ಕೆ ಲೆಕ್ಕ ಬೇಕೇ ಬೇಕು. ಅಲ್ಲಿ ಎಣಿಕೆಯೇ ದಯೆಯ ಮೊದಲ ಕೆಲಸವಾಗುತ್ತದೆ.

ಮೀನು ಉಳಿಸಲು ಲೆಕ್ಕವೇಕೆ, ಭಕ್ತಿ ಸಾಲದೇ ಎಂದರೆ, ಭಕ್ತಿ ಬಹಳಷ್ಟನ್ನು ಉಳಿಸಿದೆ. ಶೃಂಗೇರಿಯ ತುಂಗೆಯಲ್ಲಿ, ಕಾವೇರಿ ದಡದ ರಾಮನಾಥಪುರದಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ದೇವರ ಮೀನಿಗೆ ಬಲೆ ಬೀಳುವುದಿಲ್ಲ. ಆದರೂ 1996ರಲ್ಲಿ ಶಿಶಿಲದ ಹೊಳೆಗೆ ದುಷ್ಕರ್ಮಿಗಳು ವಿಷ ಬೆರೆಸಿದಾಗ ಅಪಾರ ಮೀನು ಸತ್ತವು. ದೇವಸ್ಥಾನದ ಮೆಟ್ಟಿಲಿನಾಚೆಯ ಹೊಳೆಗೆ, ಕಡಲಿಗೆ ಕಾವಲಿರುವುದು ಕಾನೂನು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧವನ್ನು ಸಮರ್ಥಿಸಲು ಮೀನು ಮೊಟ್ಟೆಯಿಡುವ ಕಾಲದ ದಾಖಲೆ ಬೇಕು. ಆ ದಾಖಲೆ ಒದಗಿಸುವವರು ಅಳತೆಯ ಹಲಗೆ ಹಿಡಿದ ಈ ವಿದ್ಯೆಯವರೇ.

ಆದ್ದರಿಂದ ಬಹುಮಾನ ಕೊಡಬೇಕು, ಷರತ್ತಿನೊಡನೆ. ನಿನ್ನ ಕಂಪ್ಯೂಟರ್ ಪ್ರೋಗ್ರಾಂ ಮೀನು ಎಲ್ಲಿದೆ ಎಂದು ತೋರಿಸುವಷ್ಟೇ ಸ್ಪಷ್ಟವಾಗಿ ಬಲೆಯನ್ನು ಯಾವಾಗ ಎತ್ತಬೇಕು ಎಂದೂ ಹೇಳುತ್ತದೆಯೇ ಎಂದು ತೀರ್ಪುಗಾರರು ಕೇಳಲಿ. ಕಡಲಿನ ದೊಡ್ಡ ಲೆಕ್ಕಗಳ ಜೊತೆ ಬೋರನಕಣಿವೆ ಜಲಾಶಯದಂಥ ಒಳನಾಡಿನ ನೀರೂ ಸ್ಪರ್ಧೆಗೆ ಬರಲಿ. ಬಿಟ್ಟ ಮರಿ ಎಷ್ಟು, ಹಿಡಿದ ಮೀನಿನ ಉದ್ದ ಎಷ್ಟು, ನೀರು ಎಷ್ಟಕ್ಕೆ ಇಳಿದಾಗ ಬಲೆ ನಿಲ್ಲಿಸಬೇಕು ಎಂಬುದನ್ನು ಮೀನುಗಾರರೇ ಮೊಬೈಲಿನಲ್ಲಿ ಕನ್ನಡದಲ್ಲಿ ಬರೆದಿಡುವಂಥ ಸರಳ ವ್ಯವಸ್ಥೆ ಕಟ್ಟಿದ ವಿದ್ಯಾರ್ಥಿಗೆ ಮೊದಲ ಬಹುಮಾನ ಸಲ್ಲಲಿ.