ಹಿಡಿದು ಬಿಡುವ ಹಕ್ಕು ಯಾರದು?

ಕಳೆದ ಚಳಿಗಾಲದ ಒಂದು ಶುಕ್ರವಾರ ನಮ್ಮ ಅಕ್ಕನ ಮಗಳು ಭದ್ರಾವತಿಯಿಂದ ಶಿವಮೊಗ್ಗದ ನಮ್ಮ ಮನೆಗೆ ಬಂದಿದ್ದಳು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸಿದ್ಧತೆ ನಡೆಸಿರುವ ಹುಡುಗಿ. ತುಂಗೆಯಲ್ಲಿ ಮತ್ತು ಭದ್ರೆಯಲ್ಲಿ, ಅವೆರಡೂ ಕೂಡುವ ಕೂಡ್ಲಿಯವರೆಗೆ, ಕಾಡುಬಾತುಗಳು ಹೇಗೆ ಬದುಕುತ್ತಿವೆ ಎಂಬುದು ಅವಳು ಆರಿಸಿಕೊಂಡ ವಿಷಯ. ಅರಣ್ಯ ಇಲಾಖೆಗೆ ಸಲ್ಲಿಸಬೇಕಾದ ಅರ್ಜಿಯ ಕರಡು ಕೈಯಲ್ಲಿತ್ತು. ಎಲ್ಲವನ್ನೂ ತುಂಬಿದ್ದಳು, ಒಂದು ಕಡೆ ಮಾತ್ರ ಪೆನ್ನು ನಿಂತಿತ್ತು. ಹಕ್ಕಿಗಳನ್ನು ಯಾಕೆ ಹಿಡಿಯಬೇಕು ಎಂಬ ಜಾಗದಲ್ಲಿ.

"ಮಾಮೂ, ಹೇಗೆ ಹಿಡಿಯೋದು ಅಂತ ಓದಿಕೊಂಡಿದ್ದೀನಿ. ಯಾಕೆ ಅಂತ ಬರೆಯೋಕೂ ಬರುತ್ತೆ. ಆದರೆ ಅದರ ಪಾಡಿಗೆ ಅದು ಹೊಳೆಯಲ್ಲಿದೆ. ನನ್ನ ಪಿಎಚ್.ಡಿ.ಗಾಗಿ ಅದನ್ನ ಹಿಡಿಯೋದು ಸರಿನಾ? ನೀವು ಕಥೆ ಬರೆಯೋರು, ನೀವೇ ಹೇಳಿ" ಎಂದಳು.

ಕಥೆ ಬರೆಯುವವರಿಗೆ ಎಲ್ಲವೂ ಗೊತ್ತಿರುತ್ತದೆ ಎಂದು ಮನೆಯವರು ಭಾವಿಸುವುದುಂಟು. ನಾವು ಆ ದಿನ ಉತ್ತರ ಕೊಡಲಿಲ್ಲ. ಅವಳ ಪ್ರಶ್ನೆ ನಮ್ಮನ್ನು ಮೂವತ್ತೈದು ವರ್ಷ ಹಿಂದಕ್ಕೆ ಕರೆದೊಯ್ದಿತ್ತು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದ ನಮ್ಮ ನಾನಾ ಹೊಳೆಯ ಮನುಷ್ಯ. ಬಿದಿರ ಕಡ್ಡಿಗೆ ನೈಲಾನ್ ದಾರದ ಕುಣಿಕೆ ಕಟ್ಟಿ, ಭದ್ರೆಯ ತೆಳುನೀರಿನಲ್ಲಿ ನೆಟ್ಟು ಬರುತ್ತಿದ್ದರು. ಅದು ಕಾನೂನಿಗೆ ವಿರುದ್ಧ ಎಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ, ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಒಮ್ಮೆ ನಾವು ಹಠ ಹಿಡಿದೆವೆಂದು ಒಂದು ಬಾತನ್ನು ಕೊಯ್ಯದೆ ಜೀವಂತ ತಂದುಕೊಟ್ಟರು. ಕೊಕ್ಕಿನ ತುದಿ ಹಳದಿ, ಮೈತುಂಬ ಚುಕ್ಕೆ. ನಾವು ಅದನ್ನು ಅಂಗಳದಲ್ಲಿ ಬಿಟ್ಟೆವು, ಬೆನ್ನಟ್ಟಿದೆವು, ಹಿಡಿದೆವು, ಮುದ್ದಿಸಿದೆವು, ಮತ್ತೆ ಬಿಟ್ಟೆವು. ಬೀದಿಯ ಮಕ್ಕಳೆಲ್ಲ ಬಂದು ಮುಟ್ಟಿ ಹೋದರು. ಅಕ್ಕಿ ಹಾಕಿದರೆ ತಿನ್ನಲಿಲ್ಲ. ಎರಡನೆಯ ದಿನ ಕಾಲು ಸೋತು ಕುಳಿತಿತು. ಮೂರನೆಯ ದಿನ ಬೆಳಿಗ್ಗೆ ಬುಟ್ಟಿ ಎತ್ತಿ ನೋಡಿದರೆ ಸತ್ತಿತ್ತು. ಮೈಮೇಲೆ ಒಂದು ಗಾಯವೂ ಇರಲಿಲ್ಲ. "ಹೆದರಿ ಸತ್ತಿದೆ" ಎಂದರು ನಾನಾ. ನಾವು ನಂಬಲಿಲ್ಲ. ಹೆದರಿಕೆಯಿಂದ ಯಾರಾದರೂ ಸಾಯುತ್ತಾರೆಯೇ?

ಸಾಯುತ್ತವೆ ಎಂದು ಈಗ ವಿಜ್ಞಾನವೇ ಹೇಳುತ್ತದೆ. ಹಿಡಿದ ಕಾಡುಪ್ರಾಣಿ ಬಿಡಿಸಿಕೊಳ್ಳಲು ಬಹಳ ಹೊತ್ತು ಒದ್ದಾಡಿದರೆ ಅದರ ಸ್ನಾಯುಗಳು ಒಳಗೇ ಹಾಳಾಗುತ್ತವೆ. ಹಾಳಾದ ಸ್ನಾಯುವಿನ ವಿಷ ರಕ್ತಕ್ಕೆ ಸೇರಿ ಮೂತ್ರಪಿಂಡ, ಹೃದಯಗಳಿಗೆ ಪೆಟ್ಟು ಕೊಡುತ್ತದೆ. ಬಿಟ್ಟಾಗ ಹಾರಿಹೋದ ಹಕ್ಕಿ ಕೆಲವು ಗಂಟೆಗಳ ಅಥವಾ ದಿನಗಳ ಅನಂತರ ಎಲ್ಲೋ ಪೊದೆಯಲ್ಲಿ ಸಾಯಬಹುದು. ಹಿಡಿದವನು ಮಾತ್ರ ತಾನು ನೋಯಿಸದೆ ಬಿಟ್ಟೆ ಎಂದು ಮನೆಗೆ ಹೋಗಿ ನೆಮ್ಮದಿಯಿಂದ ಮಲಗಿರುತ್ತಾನೆ. ಗಾಯವಾಗಲಿಲ್ಲ ಎಂಬುದು ಹಿಂಸೆಯಾಗಲಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ಅದಕ್ಕೇ ಇರಬೇಕು, ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಮುಲಾಜಿಲ್ಲದೆ ಮಾತಾಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ 'ಬೇಟೆ' ಎಂಬ ಪದದ ಅರ್ಥದೊಳಗೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಬಲೆ ಒಡ್ಡುವುದು, ಕುಣಿಕೆ ಹಾಕುವುದು ಎಲ್ಲವೂ ಸೇರಿವೆ. ವೈಜ್ಞಾನಿಕ ಸಂಶೋಧನೆಗಾಗಿ ಹಿಡಿಯಲು 12ನೇ ಕಲಂ ಅವಕಾಶ ಕೊಡುತ್ತದೆ, ಆದರೆ ಅದೂ ಕಾನೂನಿನ ಭಾಷೆಯಲ್ಲಿ ಬೇಟೆಗೆ ಕೊಟ್ಟ ವಿಶೇಷ ಪರವಾನಗಿಯೇ. ನಮ್ಮ ನಾನಾ ಮಾಡಿದ್ದೂ ಶಿಕಾರ್, ನಮ್ಮ ಹುಡುಗಿ ಮಾಡಹೊರಟಿರುವುದೂ ಶಿಕಾರ್. ಇಬ್ಬರ ನಡುವೆ ವ್ಯತ್ಯಾಸವಿದ್ದರೆ ಅದನ್ನು ನಾವು ಬೇರೆಡೆ ಹುಡುಕಬೇಕು.

ಸುಮ್ಮನೆ ದಂಡೆಯಲ್ಲಿ ಕುಳಿತು ನೋಡಿದರೆ ಸಾಲದೇ? ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯಲ್ಲಿ ನಾವು ಮಾಡುವುದು ಅದನ್ನೇ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿದಾಗ ದಡದಿಂದಲೇ ನೋಡಿ, ಎಣಿಸಿ, ಸಂತೋಷಪಟ್ಟು ಬರುತ್ತೇವೆ. ಎಷ್ಟಿವೆ, ಏನು ತಿನ್ನುತ್ತವೆ, ಯಾವಾಗ ಮರಿ ಮಾಡುತ್ತವೆ ಎಂಬುದು ಕಣ್ಣಿಗೆ ಸಿಗುವ ಉತ್ತರ. ಆದರೆ ಈ ಹಕ್ಕಿ ನಾಳೆ ಎಲ್ಲಿಗೆ ಹೋಗುತ್ತದೆ, ಮುಂದಿನ ವರ್ಷ ಬರುವುದು ಇದೇ ಹಕ್ಕಿಯೋ ಬೇರೆಯೋ ಎಂಬುದನ್ನು ಕಣ್ಣು ಹೇಳಲಾರದು. ಡೆನ್ಮಾರ್ಕಿನ ಶಾಲಾ ಮೇಷ್ಟ್ರು ಮಾರ್ಟೆನ್ಸನ್ 1890ರಲ್ಲಿ ಹಕ್ಕಿಯ ಕಾಲಿಗೆ ಸತುವಿನ ಉಂಗುರ ತೊಡಿಸಿ ನೋಡಿದರು. ಅದು ಹಕ್ಕಿಗೆ ಭಾರವಾಯಿತೆಂದು ಕೈಬಿಟ್ಟರು. 1899ರಲ್ಲಿ ಹಗುರವಾದ ಅಲ್ಯೂಮಿನಿಯಂ ಉಂಗುರ ಮಾಡಿಕೊಂಡು ಮತ್ತೆ ಶುರುಮಾಡಿದರು. ಹಕ್ಕಿಗೆ ಉಂಗುರ ತೊಡಿಸುವ ವಿಜ್ಞಾನ ಆರಂಭವಾದದ್ದೇ ಹಕ್ಕಿಗೆ ಭಾರವಾಗುತ್ತದೆಯೇ ಎಂಬ ಈ ಅಳುಕಿನಿಂದ ಎಂಬುದು ನಮಗೆ ಮುಖ್ಯವೆನಿಸುತ್ತದೆ.

ನಮ್ಮ ದೇಶದಲ್ಲಿ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ಆರಂಭವಾಗುವುದಕ್ಕೂ ನಮ್ಮ ಜಿಲ್ಲೆಗೂ ಒಂದು ನಂಟಿದೆ. ಇದು ಹಲವರಿಗೆ ತಿಳಿಯದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗರಿಗೂ ಜ್ವರ ಬಂತು, ಸಾವುಗಳಾದವು. ಇಂದಿಗೂ ಮಲೆನಾಡನ್ನು ಕಾಡುತ್ತಿರುವ ಮಂಗನ ಕಾಯಿಲೆ ಅದು. ರೋಗದ ವೈರಸ್ಸು ರಷ್ಯಾದ ಒಂದು ವೈರಸ್ಸಿಗೆ ಹತ್ತಿರದ ಬಂಧು ಎಂದು ಕಂಡಾಗ ಸಂಶಯ ನೇರವಾಗಿ ಹೋದದ್ದು ವಲಸೆ ಹಕ್ಕಿಗಳ ಮೇಲೆ. ಚಳಿಗಾಲದಲ್ಲಿ ಸೈಬೀರಿಯದಿಂದ ಬರುವ ಹಕ್ಕಿಗಳು ಮೈಮೇಲಿನ ಉಣ್ಣೆಗಳ ಜೊತೆ ರೋಗವನ್ನೂ ತಂದವೇ? ಇದನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆ ನೆರವಾಯಿತು. ಸಲೀಂ ಅಲಿಯವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರ ಸುಮಾರಿನಿಂದ ಭರತಪುರವೇ ಮೊದಲಾದ ಕಡೆ ಸಾವಿರಾರು ಹಕ್ಕಿಗಳನ್ನು ಹಿಡಿದು, ಉಣ್ಣೆ ಆರಿಸಿ, ಉಂಗುರ ತೊಡಿಸಿ ಬಿಟ್ಟಿತು.

ಕೊನೆಗೆ ತಿಳಿದದ್ದೇನು? ಹಕ್ಕಿಗಳೇ ರೋಗ ತಂದವು ಎಂಬುದಕ್ಕೆ ಸಾಕ್ಷಿ ದೊರೆಯಲಿಲ್ಲ. ರೋಗ ನೆಲೆಸಿದ್ದು ನಮ್ಮದೇ ಕಾಡಿನ ಉಣ್ಣೆಗಳಲ್ಲಿ. ಕಾಡು ಕಡಿದು, ಅದರ ಅಂಚಿನಲ್ಲಿ ದನ ಮೇಯಿಸಿ, ಸೌದೆ ಆರಿಸಿ ಅದಕ್ಕೆ ಹತ್ತಿರವಾದವರು ನಾವೇ. ಕೆಡುಕು ಕಂಡಾಗ ಹೊರಗಿನಿಂದ ಬಂದವರ ಕಡೆ ಬೆರಳು ತೋರಿಸುವುದು ಮನುಷ್ಯನ ಹಳೆಯ ಚಾಳಿ, ಅದು ಹಕ್ಕಿಗಳನ್ನೂ ಬಿಟ್ಟಿಲ್ಲ. ಆದರೆ ಆ ಹಕ್ಕಿಗಳನ್ನು ಹಿಡಿದು ಪರೀಕ್ಷಿಸಿದ್ದರಿಂದಲೇ ಅವುಗಳ ಮೇಲಿನ ಅಪವಾದಕ್ಕೆ ಬುಡವಿಲ್ಲ ಎಂಬುದೂ ತಿಳಿಯಿತು. ಹಿಡಿಯಲೇಬಾರದು ಎನ್ನುವವರು ಇದನ್ನು ಮರೆಯಬಾರದು. ಏನೂ ತಿಳಿಯದೆ ಶಂಕಿಸುವ ಜನ ಬಲೆ ಹಿಡಿದವನಿಗಿಂತ ಕ್ರೂರಿಗಳಾಗಬಲ್ಲರು. ಹಕ್ಕಿಜ್ವರದ ಸುದ್ದಿ ಬಂದಾಗಲೆಲ್ಲ ಕೆರೆಯ ಹಕ್ಕಿಗಳನ್ನು ಓಡಿಸಿ ಎಂಬ ಕೂಗು ಏಳುವುದನ್ನು ನಾವು ಕೇಳಿದ್ದೇವೆ.

ಹಾಗೆಂದು ವಿಜ್ಞಾನದ ಹೆಸರು ಹೇಳಿದೊಡನೆ ಎಲ್ಲವೂ ಶುದ್ಧವಾಗುವುದಿಲ್ಲ. ಅದೇ ಉಂಗುರ ಯೋಜನೆಗೆ ಮುಂದೆ ಅಮೆರಿಕದ ಸೇನೆಗೆ ಸಂಬಂಧಿಸಿದ ರೋಗ ಸಮೀಕ್ಷಾ ವಿಭಾಗವೊಂದರ ಹಣವೂ ಬಂತು. ಹಕ್ಕಿಗಳ ದಾರಿ ತಿಳಿದರೆ ರೋಗ ಹರಡುವ ದಾರಿಯೂ ತಿಳಿಯುತ್ತದೆ, ಅದನ್ನು ಯುದ್ಧಕ್ಕೆ ಬಳಸಲಾರರೇ ಎಂಬ ಪ್ರಶ್ನೆ 1970ರ ದಶಕದಲ್ಲಿ ಪತ್ರಿಕೆಗಳಲ್ಲೂ ಸಂಸತ್ತಿನ ಸಮಿತಿಯಲ್ಲೂ ಎದ್ದಿತು. ಸಲೀಂ ಅಲಿ ಆ ಆರೋಪವನ್ನು ಒಪ್ಪಲಿಲ್ಲ. ಅವರ ಪ್ರಾಮಾಣಿಕತೆಯ ಬಗ್ಗೆ ನಮಗೂ ಸಂದೇಹವಿಲ್ಲ. ಆದರೆ ಪ್ರಶ್ನೆ ಕೇಳಿದವರೂ ತಪ್ಪು ಮಾಡಲಿಲ್ಲ. ಹಕ್ಕಿಗೆ ಕೇಳಲು ಬಾಯಿಲ್ಲ, ಅದರ ಪರವಾಗಿ ಯಾರಾದರೂ ಕೇಳಲೇಬೇಕು: ನನ್ನನ್ನು ಯಾರಿಗಾಗಿ ಹಿಡಿಯುತ್ತಿದ್ದೀರಿ?

ಇನ್ನು ಹಿಡಿಯುವ ಕೈಗಳ ಮಾತು. 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ ಕಾಲಕ್ಕೆ ಹಕ್ಕಿಯನ್ನು ಗುರುತಿಸಲು ಗುಂಡಿಟ್ಟು ಕೆಡವುವುದೇ ರೂಢಿಯಾಗಿತ್ತು. ಕೋವಿಯಿಂದ ಬಲೆಗೆ ಬರಲು ವಿಜ್ಞಾನಕ್ಕೆ ಕಲಿಸಿದವರಲ್ಲಿ ಬಿಹಾರದ ಮೀರ್‌ಶಿಕಾರರೂ ಇದ್ದಾರೆ. ತಲೆಮಾರುಗಳಿಂದ ಹಕ್ಕಿ ಹಿಡಿದು ಮಾರಿ ಬದುಕಿದ ಬಡ ಮುಸ್ಲಿಮ್ ಸಮುದಾಯ ಅವರದು. ಅವರಲ್ಲೊಬ್ಬರಾದ ಅಲಿ ಹುಸೇನ್ ದಶಕಗಳ ಕಾಲ ಸೊಸೈಟಿಗಾಗಿ ಹಕ್ಕಿ ಹಿಡಿದರು. ಪುಕ್ಕ ಮುರಿಯದಂತೆ, ಹಕ್ಕಿ ಒದ್ದಾಡದಂತೆ ಹಿಡಿಯುವ ವಿದ್ಯೆ ಪುಸ್ತಕದಿಂದ ಬಂದದ್ದಲ್ಲ, ಹೊಟ್ಟೆಪಾಡಿನಿಂದ ಬಂದದ್ದು. ಬೇಟೆಯಾಗಿದ್ದ ವಿದ್ಯೆ ಕಾವಲಿನ ವಿದ್ಯೆಯಾಯಿತು. ಇಂಥವರ ಹೆಸರು ಸಂಶೋಧನೆಯ ಮುಖಪುಟದಲ್ಲಿ ಅಪರೂಪ ಎಂಬುದನ್ನೂ ಇಲ್ಲಿ ಹೇಳಬೇಕು. ಹಕ್ಕಿಯ ಋಣದ ಜೊತೆಗೆ ಈ ಕೈಗಳ ಋಣವೂ ವಿಜ್ಞಾನದ ಮೇಲಿದೆ.

ಆ ಕೈಗಳ ಎಚ್ಚರ ಇಂದು ನಿಯಮಗಳಾಗಿದೆ. ಬಾತುಗಳನ್ನು ಹಿಡಿಯಲು ಧಾನ್ಯ ಹರಡಿ, ಒಳಹೋಗಲು ಸುಲಭ, ಹೊರಬರಲು ಕಷ್ಟವಾದ ಬಾಯಿಯ ಪಂಜರ ಇಡುತ್ತಾರೆ. ಹೊಳೆಯಲ್ಲಾದರೆ ಕಣ್ಣಿಗೆ ಕಾಣದಷ್ಟು ತೆಳುವಾದ ಬಲೆಯನ್ನು ಅಡ್ಡಲಾಗಿ ಕಟ್ಟಿ, ಹಕ್ಕಿಗಳನ್ನು ಮೆಲ್ಲಗೆ ಅದರತ್ತ ಸರಿಸುತ್ತಾರೆ. ಬಲೆಯ ಕೆಳತುದಿ ನೀರಿಗೆ ತಾಗಬಾರದು, ತಾಗಿದರೆ ಸಿಕ್ಕ ಹಕ್ಕಿ ಮುಳುಗುತ್ತದೆ. ಬಲೆ ಬಿಟ್ಟು ಯಾರೂ ಕದಲಬಾರದು. ಮಳೆಯಲ್ಲಿ, ನಡುಹಗಲ ಬಿಸಿಲಿನಲ್ಲಿ, ಗೂಡಿನ ಕಾಲದಲ್ಲಿ ಹಿಡಿಯಬಾರದು. ಸಿಕ್ಕ ಕೂಡಲೇ ಬಿಡಿಸಿ, ಬಟ್ಟೆಯ ಚೀಲದಲ್ಲಿಟ್ಟು ಕತ್ತಲು ಮಾಡಬೇಕು, ಏಕೆಂದರೆ ಕಾಣದಿದ್ದರೆ ಹೆದರಿಕೆ ತಗ್ಗುತ್ತದೆ. ಬೆನ್ನಿಗೆ ಕಟ್ಟುವ ಸಂಕೇತಯಂತ್ರ ಹಕ್ಕಿಯ ತೂಕದ ನೂರಕ್ಕೆ 3ರಷ್ಟನ್ನು ಮೀರದಂತೆ ನೋಡಿಕೊಳ್ಳುವುದು ವಾಡಿಕೆ. ಒಂದು ಕಿಲೋ ತೂಗುವ ಬಾತಿಗೆ 30 ಗ್ರಾಂ. ಹಿಡಿದ ಜಾಗದಲ್ಲೇ ಬಿಡಬೇಕು. ಹಕ್ಕಿ ಬಾಯಿ ತೆರೆದು ಏದುಸಿರು ಬಿಟ್ಟರೆ ಅಳತೆಯನ್ನು ಅರ್ಧಕ್ಕೇ ನಿಲ್ಲಿಸಿ ಬಿಟ್ಟುಬಿಡಬೇಕು. ಈ ಕೊನೆಯ ನಿಯಮ ನಮಗೆ ಬಹಳ ಹಿಡಿಸಿತು. ನಿನ್ನ ಮಾಹಿತಿಗಿಂತ ಅದರ ಉಸಿರು ದೊಡ್ಡದು ಎಂಬ ಒಪ್ಪಿಗೆ ಅದರಲ್ಲಿದೆ.

ಪ್ರವಾದಿ ಮುಹಮ್ಮದ್(ಸ)ರ ಪ್ರಯಾಣದ ಒಂದು ಪ್ರಸಂಗವನ್ನು ಓದುಗರು ಕೇಳಿರಬಹುದು. ಜೊತೆಗಿದ್ದವರು ಒಂದು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡಿದ್ದರು. ತಾಯಿಹಕ್ಕಿ ರೆಕ್ಕೆ ಬಡಿಯುತ್ತ ಸುತ್ತತೊಡಗಿತು. ಅದನ್ನು ಕಂಡ ಪ್ರವಾದಿಯವರು ಇದನ್ನು ಸಂಕಟಕ್ಕೀಡುಮಾಡಿದವರು ಯಾರೆಂದು ವಿಚಾರಿಸಿ, ಮರಿಗಳನ್ನು ಮರಳಿಸುವಂತೆ ಹೇಳಿದರು. ಮರಿಗಳಿಗೆ ಗಾಯವಾಗಿತ್ತೇ ಎಂದು ಅವರು ಕೇಳಲಿಲ್ಲ. ತಾಯಿಯ ಸಂಕಟವೇ ಅವರಿಗೆ ಸಾಕಾಯಿತು.

ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಹೋದ ಹೊಸತರಲ್ಲಿ ಒಂದು ಪದ ನಮ್ಮನ್ನು ಗೊಂದಲಕ್ಕೆ ನೂಕಿತ್ತು. ಕನ್ನಡ ಪತ್ರಿಕೆಯಲ್ಲಿ 'ಅಧಿಕಾರಿ ಅಮಾನತು' ಎಂದಿದ್ದರೆ ಕೆಲಸದಿಂದ ತಡೆಹಿಡಿದರು ಎಂದರ್ಥ. ನಮ್ಮ ಮನೆಮಾತಿನಲ್ಲಿ ಅಮಾನತ್ ಎಂದರೆ ಇನ್ನೊಬ್ಬರು ನಂಬಿ ನಮ್ಮ ಕೈಗಿಟ್ಟ ವಸ್ತು, ಕೆಡದಂತೆ ಕಾಪಾಡಿ ಹಿಂತಿರುಗಿಸಬೇಕಾದದ್ದು. ಹಿಡಿದ ಹಕ್ಕಿಯ ವಿಷಯದಲ್ಲಿ ಎರಡು ಅರ್ಥವೂ ಒಟ್ಟಿಗೆ ಸಲ್ಲುತ್ತವೆ. ಅದರ ಬದುಕನ್ನು ನಾವು ಹತ್ತು ನಿಮಿಷ ತಡೆಹಿಡಿಯುತ್ತೇವೆ. ಆ ಹತ್ತು ನಿಮಿಷ ಅದು ನಮ್ಮ ಕೈಯಲ್ಲಿರುವ ಅಮಾನತ್. ಆದರೆ ಅದು ನಮ್ಮನ್ನು ನಂಬಿ ಬಂದದ್ದಲ್ಲ, ನಾವೇ ಕಸಿದುಕೊಂಡದ್ದು. ಆದ್ದರಿಂದ ಹಕ್ಕಿಯನ್ನು ಬಿಟ್ಟ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗುವುದಿಲ್ಲ.

ಇಷ್ಟು ಯೋಚಿಸಿ ನಾವು ಹುಡುಗಿಗೆ ಹೇಳಿದ್ದು ಇದನ್ನೇ. ಹಿಡಿಯುವ ಹಕ್ಕು ಯಾರಿಗೂ ಇಲ್ಲ. ಹಿಡಿದರೆ ಅದು ಸಾಲ. ಬೇರೆ ದಾರಿಯಿಂದ ಉತ್ತರ ಸಿಗುವ ಪ್ರಶ್ನೆಗೆ ಈ ಸಾಲ ಮಾಡಬಾರದು. ಕಲಿತ ಕೈಯಿಲ್ಲದೆ ಮಾಡಬಾರದು. ತೀರಿಸುವ ಮನಸ್ಸಿಲ್ಲದೆ ಮಾಡಲೇಬಾರದು. ಬಾತುಗಳು ಭದ್ರೆಯ ಯಾವ ತಿರುವಿನಲ್ಲಿ ಉಳಿಯುತ್ತವೆ, ಯಾವುದನ್ನು ಬಿಟ್ಟುಹೋಗುತ್ತವೆ ಎಂದು ತಿಳಿದ ಮೇಲೂ ನಾವು ಊರಿನ ಚರಂಡಿಯನ್ನು ಹೊಳೆಗೇ ಬಿಡುತ್ತಿದ್ದರೆ, ಮರಳು ಬಗೆಯುತ್ತಿದ್ದರೆ, ಆ ಹಕ್ಕಿಯನ್ನು ಸುಮ್ಮನೆ ಹೆದರಿಸಿದಂತಾಯಿತು. ಈ ಸಾಲ ಸಂಶೋಧಕಿಯೊಬ್ಬಳದಲ್ಲ. ಅವಳ ವರದಿಯನ್ನು ಕಪಾಟಿನಲ್ಲಿಡುವ ಕಚೇರಿಯದು, ಹೊಳೆಯ ನೀರು ಕುಡಿಯುವ ನಮ್ಮೆಲ್ಲರದು.

ಅವಳು ಸುಮ್ಮನೆ ಕೇಳಿದಳು. ಆಮೇಲೆ ನಾನಾರ ಬಾತಿನ ಕಥೆಯನ್ನೂ ಹೇಳಿದೆವು. ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ಹದಿನೈದು ದಿನ ಬಿಟ್ಟು ತಿದ್ದಿದ ಅರ್ಜಿ ತೋರಿಸಿದಳು. ನೀರಿನಲ್ಲಿನ ಸೀಸ, ಪಾದರಸಗಳ ಪರೀಕ್ಷೆಗೆ ಹಕ್ಕಿಯ ರಕ್ತ ತೆಗೆಯುವುದನ್ನು ಬಿಟ್ಟು, ದಡದಲ್ಲಿ ಉದುರಿದ ಪುಕ್ಕ ಮತ್ತು ಹೊಳೆಯ ಕೆಸರನ್ನು ಬಳಸುವುದಾಗಿ ಬರೆದಿದ್ದಳು. ಮೊದಲ ವರ್ಷವಿಡೀ ಬರೀ ಎಣಿಕೆ. ಎಲ್ಲಿಗೆ ಹೋಗುತ್ತವೆ ಎಂಬ ಒಂದೇ ಪ್ರಶ್ನೆಗೆ ಮಾತ್ರ, ಎರಡನೆಯ ವರ್ಷ, ಅನುಭವಿಗಳ ಜೊತೆಯಲ್ಲಿ, ಕೆಲವೇ ಹಕ್ಕಿಗಳನ್ನು ಹಿಡಿಯಲು ಅನುಮತಿ ಕೇಳಿದ್ದಳು. ಯಾಕೆ ಎಂಬ ಜಾಗ ತುಂಬಿತ್ತು.

"ಅನುಮತಿ ಸಿಗದಿದ್ದರೆ?" ಎಂದೆವು.

"ಎಣಿಸ್ತೀನಿ ಮಾಮೂ. ಎಣಿಕೆಗೆ ಒಬ್ಬರು ಬರೆದುಕೊಳ್ಳೋರು ಬೇಕು. ಫಜ್ರ್ ನಮಾಜ್ ಆದ ಮೇಲೆ ನೀವು ಬರ್ತೀರಾ?"

ಭಾನುವಾರ ಹೋಗುವುದೆಂದು ಮಾತಾಗಿದೆ.