ಮಾಡುವವರಾರು?

ಮುರಿದ ಎಲುಬು ಕೂಡುತ್ತದೆ, ಕೊಯ್ದ ತೊಗಲು ಮಾಯುತ್ತದೆ. ಆದರೆ ಕೀಲುಗಳಲ್ಲಿಯೂ ಕಿವಿಮೂಗುಗಳಲ್ಲಿಯೂ ಇರುವ ಮೃದ್ವಸ್ಥಿಯು, ಅಂದರೆ ಮೆಲ್ಲೆಲುಬು, ಒಮ್ಮೆ ಕೆಟ್ಟರೆ ತಾನಾಗಿ ಸರಿಹೋಗುವುದು ವಿರಳ. ಅದರಲ್ಲಿ ರಕ್ತನಾಳಗಳಿಲ್ಲದ ಕಾರಣ ಗಾಯವನ್ನು ತುಂಬುವ ಸಾಮಗ್ರಿಯು ಅಲ್ಲಿಗೆ ತಲುಪದು. ವೈದ್ಯ ವಿಲಿಯಂ ಹಂಟರನು 1743ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ಕೊರತೆಯನ್ನು ಅರುಹಿದ್ದನು.

ಇದನ್ನು ನೀಗಲು ಈಗ ಹೊಸ ವಿದ್ಯೆಯೊಂದು ಹುಟ್ಟಿದೆ. ರೋಗಿಯ ಮೃದ್ವಸ್ಥಿಯ ತುಣುಕಿನಿಂದ ಜೀವಕೋಶಗಳನ್ನು ಬೇರ್ಪಡಿಸಿ, ಪ್ರಯೋಗಶಾಲೆಯಲ್ಲಿ ಬೆಳೆಸಿ, ಕೊಲ್ಯಾಜೆನ್ನಿನಂತಹ ಲೋಳೆಯಲ್ಲಿ ಬೆರೆಸುವರು. ಯಂತ್ರವು ಅದನ್ನು ಪದರದ ಮೇಲೆ ಪದರವಾಗಿ ಇಡುತ್ತ ಬೇಕಾದ ಆಕಾರವನ್ನು ಮುದ್ರಿಸುತ್ತದೆ. ಅಮೆರಿಕೆಯ ಟೆಕ್ಸಾಸ್ ಪ್ರಾಂತ್ಯದ ಸ್ಯಾನ್ ಆಂಟೋನಿಯೋದಲ್ಲಿ, ಕಿವಿಯೊಂದು ಪೂರ್ಣವಾಗಿ ರೂಪುಗೊಳ್ಳದೆ ಹುಟ್ಟಿದ ತರುಣಿಯೊಬ್ಬಳಿಗೆ 2022ರಲ್ಲಿ ಹೀಗೆ ಮುದ್ರಿಸಿದ ಕಿವಿಯನ್ನು ಪರೀಕ್ಷಾರ್ಥವಾಗಿ ಜೋಡಿಸಲಾಯಿತು. ರೂಢಿಯ ಕ್ರಮದಲ್ಲಾದರೋ ಪಕ್ಕೆಲುಬಿನ ಮೃದ್ವಸ್ಥಿಯನ್ನು ಕೊಯ್ದು ಕಿವಿಯಾಗಿ ಕೆತ್ತಬೇಕು. ಒಂದು ಅಂಗದ ಊನಕ್ಕೆ ಇನ್ನೊಂದು ಅಂಗ ನೋಯಬೇಕು.

ಇದನ್ನು ಕೇಳಿದವರಲ್ಲಿ ಎರಡು ಭಾವಗಳು ಮೂಡುವುದು ಸಹಜ. ಮನುಷ್ಯನು ಸೃಷ್ಟಿಕರ್ತನಾದನೆಂಬ ಹೆಮ್ಮೆ ಒಂದು. ಸೃಷ್ಟಿಗೇ ಕೈಹಾಕಿದನಲ್ಲಾ ಎಂಬ ಭೀತಿ ಇನ್ನೊಂದು. ಪರಸ್ಪರ ವಿರುದ್ಧವಾಗಿ ತೋರುವ ಇವೆರಡರ ಬೇರು ಒಂದೇ: ಮಾಡಿದವನು ಮನುಷ್ಯನೆಂಬ ಭ್ರಮೆ.

ವಿಚಾರಿಸಿ ನೋಡೋಣ. ಯಂತ್ರವು ಇಟ್ಟದ್ದು ಕೋಶಗಳನ್ನೇ ಹೊರತು ಮೃದ್ವಸ್ಥಿಯನ್ನಲ್ಲ. ಮುದ್ರಣ ಮುಗಿದಾಗ ಕೈಯಲ್ಲಿರುವುದು ಕಿವಿಯ ಆಕಾರ ತಳೆದ ಲೋಳೆ. ಅದರೊಳಗಿನ ಕೋಶಗಳು ವಾರಗಟ್ಟಲೆ, ತಿಂಗಳುಗಟ್ಟಲೆ ತಮ್ಮ ಸುತ್ತ ನಾರನ್ನು ನೇಯ್ದು, ನೀರು ಹಿಡಿಯುವ ದ್ರವ್ಯವನ್ನು ತುಂಬಿದಾಗಲೇ ಅದು ಮೃದ್ವಸ್ಥಿಯಾಗುವುದು. ಈ ನೇಯ್ಗೆಯನ್ನು ಅವುಗಳಿಗೆ ಯಾವ ವಿಜ್ಞಾನಿಯೂ ಕಲಿಸಲಿಲ್ಲ. ಒಕ್ಕಲಿಗನು ಸಾಲು ಹಿಡಿದು ಬಿತ್ತಬಲ್ಲನು. ಮೊಳಕೆಯನ್ನು ಜಗ್ಗಿ ಹೊರಡಿಸಲಾರನು.

ಹಾಗಾದರೆ ವೈದ್ಯನ ಪಾಲಿಲ್ಲವೆ? ಉಂಟು. ಬಿತ್ತದವನಿಗೆ ಬೆಳೆಯಿಲ್ಲ. ಕೋಶಗಳಿಗೆ ಆಹಾರ, ಶುಚಿ, ತಕ್ಕ ನೆಲೆಗಳನ್ನು ಒದಗಿಸುವುದು ದೊಡ್ಡ ಕಾಯಕವೇ ಸರಿ. ಆದರೆ ಅದು ಪರಿಚರ್ಯೆ, ಒಡೆತನವಲ್ಲ. ಈ ಭೇದವು ಬರಿಯ ಮಾತಿನದಲ್ಲ. ತಾನೇ ಒಡೆಯನೆಂದುಕೊಂಡವನು ಅವಸರಪಡುತ್ತಾನೆ. ಪ್ರಯೋಗವು ಫಲಿಸುವ ಮುನ್ನವೇ ಮಂಡಿ ಸವೆದವರಿಗೆ ಆಸೆಯನ್ನು ಮಾರುತ್ತಾನೆ. ಕಿವಿ ಹೊರದ ಭಾರವನ್ನು ಮಂಡಿಯು ನಿತ್ಯವೂ ಹೊರಬೇಕೆಂಬುದನ್ನು ಮರೆಮಾಚುತ್ತಾನೆ. ರೋಗಿಯಿಂದ ಪಡೆದ ತುಣುಕನ್ನು ತನ್ನದೆನ್ನುತ್ತಾನೆ. ಪರಿಚಾರಕನಾದವನು ಕಾಯುತ್ತಾನೆ, ಇದ್ದುದನ್ನು ಇದ್ದಂತೆ ನುಡಿಯುತ್ತಾನೆ, ಕೋಶವನ್ನಿತ್ತ ದೇಹಕ್ಕೆ ಉತ್ತರವಾದಿಯಾಗಿರುತ್ತಾನೆ.

ಆದುದರಿಂದ ಇಂತಹ ಚಿಕಿತ್ಸೆಗೆ ಅಂಜಬೇಕಾಗಿಲ್ಲ, ಬೆರಗಾಗಿ ಅಡ್ಡಬೀಳಬೇಕಾಗಿಯೂ ಇಲ್ಲ. ನೊಂದವರ ನೋವನ್ನು ನೀಗುವುದಾದರೆ ಅದು ಸತ್ಕಾರ್ಯವೇ. ಅದನ್ನು ಕೈಗೊಂಡವನು ಕೈಯನ್ನು ಶುಚಿಯಾಗಿರಿಸಿಕೊಳ್ಳುವಂತೆ ಮನಸ್ಸನ್ನೂ ಶುಚಿಯಾಗಿರಿಸಿಕೊಳ್ಳಲಿ.