ಕರುವಿನ ಪಾಲು



*ಇಂದಿನ ಧಮ್ಮ ಚಿಂತನೆ*

ಬಂಧುಗಳೇ, ಇಂದು ಚಿಂತನೆ ಬರೆಯುವ ಪಾಳಿ ನನ್ನದು. ಹೋದ ಭಾನುವಾರ ನಮ್ಮ ಬಳಗ ಕೂಡಿದಾಗ ಸಮ್ಯಕ್ ಆಜೀವ, ಅಂದರೆ ಸರಿಯಾದ ಜೀವನೋಪಾಯದ ಬಗ್ಗೆ ಓದಿದೆವು. ಎಲ್ಲರೂ ಮಾತಾಡಿದರು, ನಾನು ಸುಮ್ಮನೆ ಕೂತಿದ್ದೆ. ಯಾಕೆ ಎಂದು ಒಬ್ಬ ತಂಗಿ ಆಮೇಲೆ ಕೇಳಿದಳು. ಅವಳಿಗೆ ಅಂದು ಕೊಡದ ಉತ್ತರ ಇದು.

ನಮ್ಮದು ಕಲಬುರಗಿ ಜಿಲ್ಲೆಯ ಒಂದು ಹಳ್ಳಿ. ಎರಡು ಎಕರೆ ತೊಗರಿ ಹೊಲ, ಒಂದು ಎಮ್ಮೆ, ಒಂಬತ್ತು ಆಡು, ನಾಲ್ಕು ಕೋಳಿ. ಮನೆಯಲ್ಲಿ ಅತ್ತೆ, ನಮ್ಮ ಮನೆಯವರು, ನಾನು, ಮಗಳು, ಮಗ. ಬೆಳಿಗ್ಗೆ ಐದಕ್ಕೆ ಎದ್ದು ನಾನು ಹೆಂಡಿ ಬಾಚಿ, ಎಮ್ಮೆಗೆ ಕಣಕಿ ಹಾಕಿ, ರಾತ್ರಿ ನೆನೆಸಿದ ಹಿಂಡಿ ಇಟ್ಟು, ಕರು ಬಿಟ್ಟು ಹಾಲು ಹಿಂಡುತ್ತೇನೆ. ಮಗ ಆಡಿಗೆ ತೊಗರಿ ಹೊಟ್ಟು ಹಾಕುತ್ತಾನೆ. ಮನೆಯವರು ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋಗುತ್ತಾರೆ. ಅತ್ತೆ ಕುಳ್ಳು ತಟ್ಟುತ್ತಾರೆ. ಕೆಲಸ ಮುಗಿದ ಮೇಲೆ ಕೈಕಾಲು ತೊಳೆದು ಬುದ್ಧರ, ಬಾಬಾಸಾಹೇಬರ ಫೋಟೋ ಮುಂದೆ ಕೂತು ತ್ರಿಶರಣ ಪಂಚಶೀಲ ಹೇಳುತ್ತೇವೆ. ಇಪ್ಪತ್ತು ವರ್ಷದಿಂದ ಇದು ತಪ್ಪಿಲ್ಲ.

*ಮಗಳು ಕೇಳಿದ್ದು*

ಇದು ಹೋದ ವರ್ಷದ ಮಾತು. ಮಗಳು ನರ್ಸಿಂಗ್ ಓದುತ್ತಾಳೆ. ಅವಳ ಹಾಸ್ಟೆಲ್ ಫೀ ಕಟ್ಟಲು ಎರಡು ಹೋತ ಮಾರುವುದೆಂದು ಮನೆಯಲ್ಲಿ ಮಾತಾಗಿತ್ತು. ಮರುದಿನ ವ್ಯಾಪಾರಿ ಬರುವವನಿದ್ದ. ಪಂಚಶೀಲ ಹೇಳಿ ಏಳುವಾಗ ಮಗಳು ಕೇಳಿದಳು:

"ಅವ್ವಾ, ಮೊದಲನೇ ಶೀಲ ದಿನಾ ಹೇಳ್ತೀವಿ. ನಾಳಿ ಹೋತ ಮಾರ್ತೀವಿ. ಅಂವ ಸಾಕಾಕ ಒಯ್ಯಂಗಿಲ್ಲ. ನಾವು ಕೊಯ್ಯಂಗಿಲ್ಲ, ಖರೆ. ಆದ್ರ ಕೊಯ್ಯಾವ್ರಿಗೆ ಮಾರ್ತೀವಿ. ಇದು ಹ್ಯಾಂಗ?"

ಅವಳ ಪ್ರಶ್ನೆ ಹುಡುಗಾಟಿಕೆಯದಲ್ಲ. ಅಂಗುತ್ತರ ನಿಕಾಯದ ವಣಿಜ್ಜಾ ಸುತ್ತದಲ್ಲಿ ಭಗವಾನರು ಉಪಾಸಕರು ಮಾಡಬಾರದ ಐದು ವ್ಯಾಪಾರ ಹೇಳಿದ್ದಾರೆ: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಜೀವಿಗಳು ಎಂದರೆ ಮನುಷ್ಯರ ಮಾರಾಟ ಎಂದು ಹಳೆಯ ಅಟ್ಠಕಥೆ ಅರ್ಥ ಹೇಳುತ್ತದೆ. ಸರಿ, ಅಲ್ಲಿಂದ ತಪ್ಪಿಸಿಕೊಳ್ಳೋಣ ಎಂದರೆ ಪಟ್ಟಿಯಲ್ಲಿ ಮುಂದಿನದೇ ಮಾಂಸ.

ನನಗೆ ಗೊತ್ತಿದ್ದ ಉತ್ತರ ಕೊಟ್ಟೆ. 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಬಾಬಾಸಾಹೇಬರು ಕೊಲ್ಲುವ ಇಚ್ಛೆ ಬೇರೆ, ಕೊಲ್ಲುವ ಅಗತ್ಯ ಬೇರೆ ಎಂದು ವಿವರಿಸಿದ್ದಾರೆ. ಭಗವಾನರು ನಿಷೇಧಿಸಿದ್ದು ಬರೀ ಇಚ್ಛೆಯಿಂದ ಕೊಲ್ಲುವುದನ್ನು. ಅಹಿಂಸೆ ಒಂದು ತತ್ವ, ಕಣ್ಣು ಮುಚ್ಚಿ ಪಾಲಿಸುವ ನಿಯಮ ಅಲ್ಲ. ನಿಯಮ ಮನುಷ್ಯನನ್ನು ಕಟ್ಟಿಹಾಕುತ್ತದೆ, ತತ್ವ ಯೋಚಿಸಲು ಬಿಡುತ್ತದೆ. "ನಮಗ ಇಚ್ಛಾ ಇಲ್ಲವ್ವಾ, ಅಗತ್ಯ ಐತಿ. ನಿನ್ನ ಫೀ ಕಟ್ಟಬೇಕಲ್ಲ" ಅಂದೆ.

ಅವಳು ಬಿಡಲಿಲ್ಲ. "ಅಗತ್ಯ ಎಷ್ಟು ಅಂತ ಅಳಿಯಾವ್ರು ಯಾರವ್ವಾ? ಆಡು ಅಳೀತದೇನು? ನಾವೇ ಅಳೀತೀವಿ. ನಮ್ಮ ತಕ್ಕಡಿ, ನಮ್ಮ ಕಲ್ಲು."

*ಅತ್ತೆ ಹೇಳಿದ್ದು*

ಹೊರಗೆ ಕುಳ್ಳು ಜೋಡಿಸುತ್ತಿದ್ದ ಅತ್ತೆಗೆ ಇದು ಕೇಳಿಸಿತು. ಒಳಗೆ ಬಂದು ಮೊಮ್ಮಗಳ ಎದುರು ಕೂತರು.

"ಯವ್ವಾ, ನಮ್ಮ ಕಾಲದಾಗ ಊರಾಗಿನ ಜೀವಂತ ದನ ಅವರದು, ಸತ್ತ ದನ ನಮ್ದು. ಹಾಲು ಕೊಡೋತನಕ ಅವರ ಕೊಟ್ಟಿಗ್ಯಾಗ ಇರ್ತಿತ್ತು. ಸತ್ತ ದಿನ ನಿಮ್ಮಜ್ಜಗ ಹೇಳಿ ಕಳಸ್ತಿದ್ರು. ಜೀವಂತ ಆಡಿನ ಹಗ್ಗ ನನ್ನ ಕೈಯಾಗ ಬಂದದ್ದು ನಿಮ್ಮಪ್ಪ ಹುಟ್ಟಿದ ಮ್ಯಾಲ. ಆ ಹಗ್ಗ ಹಿಡಿಯೋದು ಪಾಪ ಅಂತ ನನಗ ಹೇಳಬ್ಯಾಡ."

ಮಗಳು ತಲೆ ತಗ್ಗಿಸಿದಳು. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಎಂದು ಕರೆ ಕೊಟ್ಟಿದ್ದು ಅವಳು ಓದಿದ್ದಾಳೆ. ಆ ಕರೆ ನಮ್ಮ ಹಟ್ಟಿಗೆ ಮುಟ್ಟಿ, ನಮ್ಮ ಮಾವ ಒಂದು ದಿನ "ನಾ ಬರಂಗಿಲ್ಲ" ಎಂದು ಹೇಳಿ ಕಳಿಸಲು ಎಷ್ಟೋ ವರ್ಷ ಬೇಕಾಯಿತು. ಹಾಗೆ ಹೇಳಿದ ಮೇಲೆ ಊರಲ್ಲಿ ಕೂಲಿ ಸಿಗಲಿಲ್ಲ. ಆ ಬರಗೆಟ್ಟ ವರ್ಷದಲ್ಲಿ ಅತ್ತೆ ಮೊದಲ ಆಡು ತಂದರು. ನಮ್ಮ ಮನೆಯ ಸ್ವಾಭಿಮಾನ ಒಂದು ಆಡಿನ ಹಗ್ಗದಿಂದ ಶುರುವಾಗಿದೆ.

ಭಗವಾನರೂ ದನಕರು ಸಾಕುವವರನ್ನು ಕೀಳಾಗಿ ನೋಡಲಿಲ್ಲ. ದೀಘ ನಿಕಾಯದ ಕೂಟದಂತ ಸುತ್ತದಲ್ಲಿ ಒಬ್ಬ ರಾಜನಿಗೆ ಪುರೋಹಿತ ಕೊಡುವ ಸಲಹೆ ನೆನಪಿರಲಿ: ರಾಜ್ಯದಲ್ಲಿ ಕಳ್ಳತನ ನಿಲ್ಲಬೇಕೆಂದರೆ ಶಿಕ್ಷೆ ಸಾಲದು. ಬೇಸಾಯ ಮಾಡುವವರಿಗೆ, ದನ ಸಾಕುವವರಿಗೆ ಬೀಜ ಮತ್ತು ಮೇವು ಕೊಡು, ವ್ಯಾಪಾರಿಗೆ ಬಂಡವಾಳ ಕೊಡು, ನೌಕರನಿಗೆ ಸಂಬಳ ಕೊಡು. ಆಮೇಲೆ ನಡೆದ ಯಜ್ಞದಲ್ಲಿ ಎತ್ತು, ಆಡು, ಕುರಿ, ಕೋಳಿ ಒಂದನ್ನೂ ಕೊಲ್ಲಲಿಲ್ಲ. ಆಳುಗಳು ಹೊಡೆತಕ್ಕೆ ಹೆದರಿ ಅಳುತ್ತಾ ದುಡಿಯಲಿಲ್ಲ. ಪ್ರಾಣಿಯ ಕುತ್ತಿಗೆ, ಆಳಿನ ಕಣ್ಣೀರು ಎರಡನ್ನೂ ಒಟ್ಟಿಗೆ ಲೆಕ್ಕಕ್ಕೆ ಹಿಡಿದ ಸುತ್ತ ಅದು.

ಹಾಗಾದರೆ ಅತ್ತೆಯ ಮಾತು ಸರಿ. ಮಗಳ ಮಾತೂ ಸರಿ. ಅಂದು ಅಡುಗೆ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

*ರಾತ್ರಿ ನೆನಪಾದದ್ದು*

ಆ ರಾತ್ರಿ ನಿದ್ದೆ ಬರಲಿಲ್ಲ. ಹೋತದ ಚಿಂತೆಯಿಂದ ಎಂದುಕೊಂಡರೆ, ನೆನಪಾದದ್ದು ಹೋತ ಅಲ್ಲ. ಅದಕ್ಕೂ ಹಿಂದಿನ ವರ್ಷ ಸತ್ತ ಒಂದು ಕರು.

ನಮ್ಮ ಎಮ್ಮೆ ಆಗ ಗಂಡುಕರು ಹಾಕಿತ್ತು. ಹೆಣ್ಣುಕರು ಹುಟ್ಟಿದರೆ ಮನೆಯಲ್ಲಿ ಸಂತೋಷ. ಗಂಡಾದರೆ ಎಲ್ಲರೂ ಸುಮ್ಮನಾಗುತ್ತಾರೆ. ಟ್ರ್ಯಾಕ್ಟರ್ ಬಂದ ಮೇಲೆ ಕೋಣಕ್ಕೆ ಕೆಲಸವಿಲ್ಲ. ಹುಟ್ಟಿದ ದಿನ ಗಿಣ್ಣದ ಹಾಲನ್ನೂ ಮೊದಲು ಪಾತ್ರೆಗೇ ಹಿಂಡಿದೆ, ಮನೆಯಲ್ಲಿ ಗಿಣ್ಣ ಮಾಡಿ ನಾಲ್ಕು ಮನೆಗೆ ಹಂಚಿದೆ. ದಿನಾ ಎಮ್ಮೆ ಹಾಲು ಇಳಿಸಲಿ ಎಂದು ಕರುವನ್ನು ಬಿಡುತ್ತಿದ್ದೆ. ಎರಡು ಗುಟುಕು ಕುಡಿದೊಡನೆ ಎಳೆದು ಗೂಟಕ್ಕೆ ಕಟ್ಟುತ್ತಿದ್ದೆ. ನಾಲ್ಕೂ ಮೊಲೆ ಕಡೆಯ ಹನಿವರೆಗೆ ಹಿಂಡುತ್ತಿದ್ದೆ. ಎಮ್ಮೆ ಕರು ಹುಟ್ಟಿದಾಗ ಸುಮಾರು 30 ಕೆಜಿ ತೂಗುತ್ತದೆ. ತೂಕದ ಹತ್ತರಲ್ಲೊಂದು ಪಾಲು, ಅಂದರೆ ದಿನಕ್ಕೆ 3 ಲೀಟರ್ ಹಾಲು ಅದಕ್ಕೆ ಬೇಕು. ನಮ್ಮ ಕರುವಿಗೆ ಒಂದು ಲೀಟರೂ ಸಿಗುತ್ತಿರಲಿಲ್ಲ.

ಎರಡನೇ ತಿಂಗಳಿಗೆ ಹೊಟ್ಟೆ ಉಬ್ಬಿ, ಬೆನ್ನು ಬತ್ತಿ, ಕೂದಲು ಒರಟಾಯಿತು. ಮಳೆ ಹಿಡಿದಾಗ ಭೇದಿ ಶುರುವಾಗಿ ಸತ್ತಿತು. ನೋಡಲು ಬಂದಿದ್ದ ಡಾಕ್ಟರು ಜಂತು ಇದೆ, ಹಾಲೂ ಸಾಲದು ಎಂದಿದ್ದರು. ನಾವು ಹೊಲದ ಬದುವಿನಲ್ಲಿ ಹೂತು ಬಂದೆವು. ಕೇಳಿದವರಿಗೆ ನಾನು ಹೇಳಿದ್ದು: "ಅದರ ಹಣೆಬರಹ ಅಷ್ಟೇ ಇತ್ತು."

ಬಂಧುಗಳೇ, ಇಪ್ಪತ್ತೆರಡು ಪ್ರತಿಜ್ಞೆ ಸ್ವೀಕರಿಸಿದ ಮನೆಯಲ್ಲಿ ಆ ಮಾತು ಬಂತು. ಹಣೆಬರಹ ಎಂಬುದನ್ನು ನಾವು ಎಂದೋ ಕಿತ್ತು ಬಿಸಾಡಿದ್ದೆವು. ನಮ್ಮ ಹಿರಿಯರ ಪಾಲಿನದನ್ನು ಕಸಿದುಕೊಂಡವರು ನೂರಾರು ವರ್ಷ ಹೇಳಿದ್ದೂ ಅದೇ ಮಾತು. ಕಸಿದವರೇ ಅದು ನಿಮ್ಮ ಹಣೆಬರಹ ಅಂದರು. ನಾನು ಕರುವಿಗೆ ಅದನ್ನೇ ಅಂದೆ.

ಅದಕ್ಕೆ ಕೊಡದೆ ಡೇರಿಗೆ ಹಾಕಿದ ಹಾಲು ದಿನಕ್ಕೆ ಒಂದು ಲೀಟರ್ ಎಂದೇ ಇಟ್ಟುಕೊಳ್ಳಿ. ಲೀಟರಿಗೆ 50 ರೂಪಾಯಿ, ತಿಂಗಳಿಗೆ 1,500. ಆಗ ನಾನು ಹೊಸ ಮೊಬೈಲಿನ ಕಂತು ಕಟ್ಟುತ್ತಿದ್ದೆ. ಕಂತು ತೀರಿದೆ. ಈ ಚಿಂತನೆ ಬರೆಯುತ್ತಿರುವುದು ಅದೇ ಮೊಬೈಲಿನಲ್ಲಿ.

ಮಗಳು ಕೇಳಿದ ತಕ್ಕಡಿ ಇದು. ಹೋತ ಮಾರುವ ದಿನ ನನ್ನ ಮನಸ್ಸು ಅಳುಕುತ್ತದೆ, ಯಾಕೆಂದರೆ ಅಲ್ಲಿ ಕತ್ತಿ ಕಾಣುತ್ತದೆ. ಕರುವಿನ ವಿಷಯದಲ್ಲಿ ಕತ್ತಿ ಇರಲಿಲ್ಲ, ರಕ್ತ ಇರಲಿಲ್ಲ, ವ್ಯಾಪಾರಿ ಬರಲಿಲ್ಲ. ಅಗತ್ಯವೂ ಇರಲಿಲ್ಲ. ಮೂರು ತಿಂಗಳು, ದಿನಕ್ಕೆ ಎರಡು ಸಲ, ಈ ಎರಡು ಕೈಯಿಂದ ಅದರ ಪಾಲು ತೆಗೆದೆ. ಪ್ರತಿ ದಿನ ಆಮೇಲೆ ಕೈ ತೊಳೆದು ಮೊದಲನೇ ಶೀಲ ಹೇಳಿದೆ.

*ಪೂರ್ತಿ ಹಿಂಡದವನು*

ಮಜ್ಝಿಮ ನಿಕಾಯದಲ್ಲಿ ಮಹಾಗೋಪಾಲಕ ಸುತ್ತ ಇದೆ. ಒಳ್ಳೆಯ ದನಗಾಹಿಯ ಹನ್ನೊಂದು ಗುಣಗಳನ್ನು ಭಗವಾನರು ಭಿಕ್ಖುಗಳಿಗೆ ಹೇಳುತ್ತಾರೆ. ಅವನು ತನ್ನ ದನಗಳ ಬಣ್ಣ, ಗುರುತು ಬಲ್ಲವನು. ನೊಣದ ಮೊಟ್ಟೆ ತೆಗೆಯುತ್ತಾನೆ. ಗಾಯಕ್ಕೆ ಕಟ್ಟು ಹಾಕುತ್ತಾನೆ. ಕೊಟ್ಟಿಗೆಗೆ ಹೊಗೆ ಹಾಕುತ್ತಾನೆ. ನೀರು ಎಲ್ಲಿ, ದಾರಿ ಎಲ್ಲಿ, ಹೊಳೆ ಎಲ್ಲಿ ದಾಟಬೇಕು, ಮೇವು ಎಲ್ಲಿದೆ ಎಂದು ಬಲ್ಲ. ಹಿಂಡಿನ ಹಿರಿಯ ಎತ್ತುಗಳಿಗೆ ಮರ್ಯಾದೆ ಕೊಡುತ್ತಾನೆ. ಮತ್ತು ಪೂರ್ತಿ ಹಿಂಡುವುದಿಲ್ಲ, ಉಳಿಸುತ್ತಾನೆ.

ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕುವುದು, ಉಣ್ಣೆ ಕೀಳುವುದು, ಹುಳ ಬಿದ್ದ ಗಾಯ ತೊಳೆಯುವುದು ನಾವು ದಿನಾ ಮಾಡುವ ಕೆಲಸ. ಇವೆಲ್ಲ ಮನೆಗೆಲಸ, ಧಮ್ಮ ಎಂದರೆ ವಿಹಾರದಲ್ಲಿ ಕೂತಾಗಿನದು ಎಂದು ನಾನು ತಿಳಿದಿದ್ದೆ. ಭಗವಾನರು ಧಮ್ಮ ಕಲಿಸಲು ಈ ಕೆಲಸಗಳನ್ನೇ ತೆಗೆದುಕೊಂಡಿದ್ದಾರೆ. ದಾನ ಕೊಡುವವರು ಎಷ್ಟು ಕೊಟ್ಟರೂ ಭಿಕ್ಖು ಮಿತಿ ಅರಿತು ತೆಗೆದುಕೊಳ್ಳಬೇಕು ಎಂಬುದಕ್ಕೆ ಅವರು ಕೊಟ್ಟ ಉದಾಹರಣೆಯೇ ಪೂರ್ತಿ ಹಿಂಡದಿರುವುದು.

*ನಾವು ಮಾಡಿಕೊಂಡದ್ದು*

ಮರುದಿನ ವ್ಯಾಪಾರಿ ಬಂದ. ಹೋತಗಳನ್ನು ಮಾರಿದೆವು. ಇದನ್ನು ಮುಚ್ಚಿಡುವುದಿಲ್ಲ. ಫೀ ಕಟ್ಟಲು ಬೇರೆ ದಾರಿ ಇರಲಿಲ್ಲ. ಜಾತ್ರೆಯ ಹರಕೆಗೆ ಬೇಕೆಂದು ಬಂದ ಇನ್ನೊಬ್ಬರು ಎರಡು ಸಾವಿರ ಹೆಚ್ಚು ಕೊಡುತ್ತೇವೆ ಎಂದಿದ್ದರು. ಅವರಿಗೆ ಕೊಡಲಿಲ್ಲ. "ಹೋತಕ್ಕ ಏನು ಫರಕ್ ಅವ್ವಾ?" ಅಂದಳು ಮಗಳು. ಹೋತಕ್ಕೆ ಏನೂ ಫರಕಿಲ್ಲ, ನಿಜ. ಆದರೆ ದೇವರ ಹೆಸರಲ್ಲಿ ಕೊಲ್ಲುವುದಕ್ಕೆ ಯಾವ ಅಗತ್ಯವೂ ಇಲ್ಲ. ಅದಕ್ಕೆ ಹಗ್ಗ ಕೊಟ್ಟರೆ ನಮ್ಮ ಪ್ರತಿಜ್ಞೆಗೆ ಅರ್ಥವಿಲ್ಲ.

ವ್ಯಾಪಾರಿ ಒಂದು ಗಬ್ಬದ ಆಡನ್ನೂ ಕೇಳಿದ. ಇಲ್ಲ ಅಂದೆವು. ಸಾಮ್ರಾಟ ಅಶೋಕ ಪಟ್ಟಾಭಿಷೇಕವಾಗಿ 26 ವರ್ಷವಾದ ಮೇಲೆ ಬರೆಸಿದ ಐದನೇ ಸ್ತಂಭಶಾಸನದಲ್ಲಿ ಗಬ್ಬವಾದ ಅಥವಾ ಹಾಲೂಡುವ ಆಡು, ಕುರಿ, ಹಂದಿಯನ್ನು ಕೊಲ್ಲಬಾರದು, ಆರು ತಿಂಗಳೊಳಗಿನ ಮರಿಯನ್ನೂ ಕೊಲ್ಲಬಾರದು ಎಂದಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಮಾರಾಟಕ್ಕೂ ಇದೇ ಕಟ್ಟಳೆ.

ನಮ್ಮ ಜಿಲ್ಲೆಯ ಸನ್ನತಿಯಲ್ಲೂ ಅಶೋಕನ ಶಾಸನಗಳು ಸಿಕ್ಕಿವೆ. ಆದರೆ ನನ್ನ ಮನಸ್ಸಿಗೆ ಹತ್ತಿರವಾದದ್ದು ಬೇರೆ ಕಡೆ ಇರುವ ಅವನ ಮೊದಲನೇ ಶಿಲಾಶಾಸನ. ಮೊದಲು ತನ್ನ ಅಡುಗೆಮನೆಗೆ ದಿನಾ ಲೆಕ್ಕವಿಲ್ಲದಷ್ಟು ಪ್ರಾಣಿ ಕೊಲ್ಲುತ್ತಿದ್ದರು, ಈಗ ಎರಡು ನವಿಲು, ಒಂದು ಜಿಂಕೆ ಮಾತ್ರ, ಜಿಂಕೆಯೂ ದಿನಾ ಇಲ್ಲ, ಮುಂದೆ ಇವನ್ನೂ ಕೊಲ್ಲುವುದಿಲ್ಲ ಎಂದು ಬರೆಸಿದ. ಚಕ್ರವರ್ತಿ ತಾನಿನ್ನೂ ಪೂರ್ತಿ ಬಿಟ್ಟಿಲ್ಲ ಎಂಬುದನ್ನು ಕಲ್ಲಿನ ಮೇಲೆ ಒಪ್ಪಿಕೊಂಡ.

ನಾವೂ ಪೂರ್ತಿ ಬಿಟ್ಟಿಲ್ಲ. ಆಡು ಮಾರುವುದು ಸಮ್ಯಕ್ ಆಜೀವ ಎಂದು ನಾನು ವಾದಿಸುವುದಿಲ್ಲ. ಅಗತ್ಯದಿಂದ ಮಾಡುತ್ತಿದ್ದೇವೆ, ಅಷ್ಟೇ. ಅಗತ್ಯಕ್ಕೆ ಮಾಡಿದ್ದನ್ನು ಪುಣ್ಯ ಎನ್ನಬಾರದು. ಅಗತ್ಯ ಕಡಿಮೆಯಾದಾಗ ಅದೇ ಲೆಕ್ಕ ಹಿಡಿದು ಮುಂದುವರಿಸಲೂ ಬಾರದು. ಒಂಬತ್ತಿದ್ದ ಆಡು ಈಗ ಐದು. ಮಗಳಿಗೆ ಕೆಲಸ ಸಿಕ್ಕ ಮೇಲೆ ಇನ್ನೂ ಇಳಿಸುವ ಮಾತಿದೆ. ಅತ್ತೆ ಮಾತ್ರ ಒಂದಾದರೂ ಆಡು ಇರಲೇಬೇಕು ಎನ್ನುತ್ತಾರೆ. ಅವರ ಹಗ್ಗವನ್ನು ಕಸಿಯಲು ನನಗೆ ಮನಸ್ಸಿಲ್ಲ.

ಹೋದ ದೀಪಾವಳಿ ಹೊತ್ತಿಗೆ ಎಮ್ಮೆ ಮತ್ತೆ ಕರು ಹಾಕಿತು. ಮತ್ತೆ ಗಂಡು. ಈ ಸಲ ಹುಟ್ಟಿದ ಗಂಟೆಯೊಳಗೆ ಗಿಣ್ಣದ ಹಾಲು ಮೊದಲು ಅದಕ್ಕೆ ಕುಡಿಸಿದೆವು. ರೋಗ ತಡೆಯುವ ಶಕ್ತಿ ತಾಯಿಯಿಂದ ಕರುವಿಗೆ ಬರುವುದು ಆ ಹಾಲಿನಲ್ಲೇ. ಜಂತಿನ ಔಷಧಿ ಹೊತ್ತಿಗೆ ಸರಿಯಾಗಿ ಹಾಕಿಸಿದೆವು. ಮೊದಲ ಎರಡು ತಿಂಗಳು ಎರಡು ಮೊಲೆ ನಮಗೆ, ಎರಡು ಅದಕ್ಕೆ. ಹುಲ್ಲು ಮೇಯಲು ಕಲಿತ ಮೇಲೆ ಮೂರು ನಮಗೆ, ಒಂದು ಅದಕ್ಕೆ. ಡೇರಿಯ ಪಟ್ಟಿಯಲ್ಲಿ ಹಾಲು ಕಡಿಮೆಯಾಗಿದೆ. ಕರು ಹಗ್ಗ ಬಿಚ್ಚಿದರೆ ಅಂಗಳದ ತುಂಬ ಓಡುತ್ತದೆ, ಅತ್ತೆಯ ಕುಳ್ಳು ತುಳಿದು ಬೈಸಿಕೊಳ್ಳುತ್ತದೆ.

ದೊಡ್ಡದಾದ ಮೇಲೆ ಇದನ್ನು ಏನು ಮಾಡುತ್ತೀರಿ ಎಂದು ನೀವು ಕೇಳಬಹುದು. ನಮ್ಮಲ್ಲಿ ಇನ್ನೂ ಉತ್ತರವಿಲ್ಲ. ಮಗಳೂ ಕೇಳಿದ್ದಾಳೆ.

*ಇಂದಿನ ಅಭ್ಯಾಸ*

ಎಮ್ಮೆ, ಆಡು ಇಲ್ಲದ ಬಂಧುಗಳೂ ಇದನ್ನು ಮಾಡಬಹುದು. ಮೊದಲನೇ ಶೀಲ ಹೇಳುವ ಮುಂಚೆ ಒಂದು ನಿಮಿಷ ಸುಮ್ಮನೆ ಕೂತು ನೋಡೋಣ: ನಮ್ಮ ಮನೆಯಲ್ಲಿ 'ಬೇಡ' ಎಂದು ಹೇಳಲಾಗದ ಜೀವ ಯಾವುದು? ಕಟ್ಟಿದ ಕರು ಇರಬಹುದು, ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಣ್ಣುಮಗಳು ಇರಬಹುದು, ಮೂಲೆಯಲ್ಲಿ ಮಲಗಿದ ಹಿರಿಯರು ಇರಬಹುದು, ಕೂಲಿಗೆ ಬಂದವರು ಇರಬಹುದು. ಅವರ ಪಾಲಿನಿಂದ ದಿನಾ ನಾವು ಎಷ್ಟು ತೆಗೆಯುತ್ತಿದ್ದೇವೆ? ಅದರಲ್ಲಿ ಅಗತ್ಯ ಎಷ್ಟು? ಹಣೆಬರಹ ಎಂದು ಯಾರಿಗಾದರೂ ಹೇಳುತ್ತಿದ್ದೇವೆಯೇ?

ಭಾನುವಾರ ಬಳಗ ಕೂಡಿದಾಗ ನಿಮ್ಮ ಮನೆಯ ಲೆಕ್ಕವನ್ನೂ ಹೇಳಿ. ಈ ಸಲ ನಾನು ಸುಮ್ಮನೆ ಕೂರುವುದಿಲ್ಲ.

ಸಬ್ಬೇ ಸತ್ತಾ ಸುಖಿತಾ ಹೋಂತು.
ಭವತು ಸಬ್ಬ ಮಂಗಲಂ. ಜೈ ಭೀಮ್.